ಪಾಲಿಸಿ ಕೈಯಲ್ಲಿದೆ, ಮಾತ್ರೆ ಸಿಗುತ್ತಾ? ಎಚ್‌ಐವಿ ಮತ್ತು ಆರೋಗ್ಯ ವಿಮೆ

ನನ್ನ ಸ್ನೇಹಿತರೊಬ್ಬರು ಹಾಸಿಗೆ ಮೇಲೆ ಕೂತು ಮಾತ್ರೆ ಎಣಿಸುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಳಿ ಪ್ಲಾಸ್ಟಿಕ್ ಡಬ್ಬಿಯನ್ನು ಬೋರಲು ಹಾಕಿ, ಒಂದೊಂದೇ ಮಾತ್ರೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದರು. 11 ಇತ್ತು. ಮತ್ತೆ ಎಣಿಸಿದರು, 11 ಇತ್ತು. ಹಳೇ ಕೆಲಸ ಬಿಟ್ಟಾಗಿತ್ತು, ಅದರ ಜೊತೆಗೇ ಆ ಕಂಪನಿಯ ಆರೋಗ್ಯ ವಿಮೆಯೂ ಹೋಗಿತ್ತು. ಹೊಸ ಕೆಲಸದ ವಿಮೆ ಶುರುವಾಗೋದಕ್ಕೆ ಇನ್ನೂ 30 ದಿನ ಬಾಕಿ. ನಡುವಿನ 19 ದಿನ ಏನು ಮಾಡೋದು? ಅವರಿಗೆ ಎಚ್‌ಐವಿ ಪತ್ತೆಯಾಗಿ ಎಂಟು ವರ್ಷವಾಗಿತ್ತು. ಅಷ್ಟೂ ವರ್ಷ ಮಾತ್ರೆ ತಪ್ಪಿಸಿರಲಿಲ್ಲ, ಪರೀಕ್ಷೆ ಮಾಡಿದರೂ ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆ ಇತ್ತು. ಹಳೇ ವಿಮೆ ನಿಯಮದ ಪ್ರಕಾರವೇ ಮುಗಿದಿತ್ತು, ಹೊಸದು ನಿಯಮದ ಪ್ರಕಾರವೇ ಶುರುವಾಗಲಿತ್ತು. "ನಿಮಗೆ ವಿಮೆ ಕೊಡಲ್ಲ" ಅಂತ ಯಾರೂ ಅಂದಿರಲಿಲ್ಲ.

ಕೊನೆಗೆ ಚಿಕಿತ್ಸಾ ಕೇಂದ್ರದ ನರ್ಸ್ ಒಬ್ಬರು ಅಲ್ಲಿ ಇಲ್ಲಿ ಫೋನ್ ಮಾಡಿ ಒಂದು ತಿಂಗಳ ಮಾತ್ರೆ ಹೊಂದಿಸಿಕೊಟ್ಟರು. ಆವತ್ತಿನಿಂದ ಎಚ್‌ಐವಿ ಮತ್ತು ಆರೋಗ್ಯ ವಿಮೆ ಅಂತ ಯಾರಾದರೂ ಮಾತು ತೆಗೆದರೆ, ನಾನು ಮೊದಲು ಕೇಳೋದು ಒಂದೇ: ಮಾತ್ರೆ ಒಂದು ದಿನವೂ ತಪ್ಪದ ಹಾಗೆ ಬರುತ್ತಾ? ವಿಮೆ ಸಿಕ್ಕಿದರೆ ಮಾತ್ರೆಯೂ ಬಂದ ಹಾಗೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಾಗೋದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಮಾತ್ರೆ ತಪ್ಪಿದರೆ ಏನಾಗುತ್ತೆ ಅನ್ನೋದು ಮೊದಲು. ಎಚ್‌ಐವಿ ಔಷಧಿ, ಅಂದರೆ ಎಆರ್‌ಟಿ, ವೈರಸ್ಸನ್ನು ದೇಹದಿಂದ ಹೊರಗೆ ಹಾಕೋದಿಲ್ಲ, ಅದು ಬೆಳೆಯದ ಹಾಗೆ ಅದುಮಿ ಹಿಡಿಯುತ್ತದೆ ಅಷ್ಟೇ. ಕೈ ತೆಗೆದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದು ಮತ್ತೆ ತಲೆ ಎತ್ತುತ್ತದೆ. ಇದನ್ನು ದೊಡ್ಡ ಮಟ್ಟದಲ್ಲಿ ನೋಡಿದ್ದು ಸ್ಮಾರ್ಟ್ ಅನ್ನೋ ಅಧ್ಯಯನ. 33 ದೇಶಗಳ 5,472 ಜನ ಅದರಲ್ಲಿದ್ದರು. ಒಂದು ಗುಂಪಿಗೆ ನಿರಂತರ ಚಿಕಿತ್ಸೆ. ಇನ್ನೊಂದು ಗುಂಪಿಗೆ ರೋಗನಿರೋಧಕ ಶಕ್ತಿ ಚೆನ್ನಾಗಿದ್ದಾಗ ಔಷಧಿ ನಿಲ್ಲಿಸಿ, ಶಕ್ತಿ ಕುಸಿದಾಗ ಮತ್ತೆ ಶುರು ಮಾಡೋದು. ಔಷಧಿಯ ಅಡ್ಡಪರಿಣಾಮ ಕಡಿಮೆಯಾಗಬಹುದು ಅನ್ನೋ ಆಸೆಯಿಂದ ಮಾಡಿದ ಪ್ರಯತ್ನ ಅದು. 2006ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ವಿರಾಮ ತೆಗೆದುಕೊಂಡವರಲ್ಲಿ ಗಂಭೀರ ಸೋಂಕು ಅಥವಾ ಸಾವಿನ ಅಪಾಯ 2.6 ಪಟ್ಟು ಇತ್ತು. ಅಷ್ಟೇ ಅಲ್ಲ, ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಆ ಗುಂಪಿನಲ್ಲೇ ಜಾಸ್ತಿ. ಅಲ್ಲಿನ ವಿರಾಮ ತಿಂಗಳುಗಟ್ಟಲೆಯದು, ಹಾಗಾಗಿ 19 ದಿನಕ್ಕೂ ಅಷ್ಟೇ ಅಪಾಯ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಮಾತ್ರೆಯೊಳಗೆ ಎರಡು ಮೂರು ಔಷಧಿ ಸೇರಿರುತ್ತವೆ, ಅವು ರಕ್ತದಿಂದ ಬೇರೆ ಬೇರೆ ವೇಗದಲ್ಲಿ ಇಳಿಯುತ್ತವೆ, ಒಂದು ಮಾತ್ರ ಉಳಿದ ದಿನಗಳಲ್ಲಿ ವೈರಸ್ ಅದಕ್ಕೆ ಒಗ್ಗಿಕೊಳ್ಳುವ ಸಾಧ್ಯತೆ ಇರುತ್ತದೆ. ಹಾಗೆ ಒಗ್ಗಿಕೊಂಡರೆ ಆ ಔಷಧಿ ಆ ಮನುಷ್ಯನಿಗೆ ಮುಂದೆ ಕೆಲಸ ಮಾಡದೇ ಹೋಗಬಹುದು.

ಇನ್ನೊಂದು ವಿಷಯ ಸಂಗಾತಿಯದ್ದು. ವೈರಸ್ ಪತ್ತೆಯಾಗದಷ್ಟು ಕಡಿಮೆ ಇರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡೋದಿಲ್ಲ. ಯುರೋಪಿನ ಪಾರ್ಟ್‌ನರ್ ಅಧ್ಯಯನಗಳಲ್ಲಿ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಸೋಂಕು ಹರಡಿದ ಒಂದು ಪ್ರಕರಣವೂ ಸಿಗಲಿಲ್ಲ. ಈ ರಕ್ಷಣೆ ನಿಂತಿರೋದು ದಿನದ ಮಾತ್ರೆಯ ಮೇಲೆ. ವಿಮೆಯ ಕಾಗದಪತ್ರ ತಡವಾದರೆ ಅಪಾಯ ಒಬ್ಬರಿಗೇ ನಿಲ್ಲೋದಿಲ್ಲ.

ಈಗ ವಿಮೆ ಕಡೆ ಬನ್ನಿ. ವಿಮೆ ಹುಟ್ಟಿದ್ದೇ ಅಪರೂಪಕ್ಕೆ ಆಗುವ ಅನಾಹುತಕ್ಕೆ. ಬೆಂಕಿ, ಅಪಘಾತ, ಇದ್ದಕ್ಕಿದ್ದ ಹಾಗೆ ಬರುವ ಕಾಯಿಲೆ. ನೂರು ಜನ ಕಟ್ಟುತ್ತಾರೆ, ಇಬ್ಬರಿಗೆ ಬೇಕಾಗುತ್ತದೆ. ಪ್ರತಿದಿನ, ಜೀವನಪೂರ್ತಿ, ಬೇಕೇ ಬೇಕು ಅಂತ ಮೊದಲೇ ಗೊತ್ತಿರುವ ಖರ್ಚು ಆ ಲೆಕ್ಕಕ್ಕೆ ಸುಲಭವಾಗಿ ಕೂರೋದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೂ ಈ ಕಷ್ಟ ಇದೆ, ಎಚ್‌ಐವಿಗೆ ಮಾತ್ರ ಅಲ್ಲ. ಎಚ್‌ಐವಿಗೆ ಇದರ ಜೊತೆ ಇನ್ನೊಂದು ಹೊರೆ ಇದೆ. ಭಯ.

ಆ ಭಯ ಹುಟ್ಟಿದ ಕಾಲಕ್ಕೆ ಅದಕ್ಕೆ ಕಾರಣವಿತ್ತು. 1981ರಲ್ಲಿ ಕಾಯಿಲೆ ಮೊದಲು ವರದಿಯಾಯಿತು, 1985ರಲ್ಲಿ ರಕ್ತಪರೀಕ್ಷೆ ಬಂತು, ಮೊದಲ ಔಷಧಿ ಎಝಡ್‌ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ, ಅದೂ ಒಂದೇ ಔಷಧಿಯಾಗಿ ಹೆಚ್ಚು ಕಾಲ ಕೈ ಹಿಡಿಯಲಿಲ್ಲ. ವಿಮಾ ಕಂಪನಿಗಳು ಬಾಗಿಲು ಹಾಕಿಕೊಂಡವು. ಬಾಗಿಲ ಒಳಗೆ ಮೊದಲೇ ಇದ್ದವರನ್ನೂ ಹೊರಗೆ ಹಾಕಿದ ಉದಾಹರಣೆ ಇದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಸಂಗೀತ ವಾದ್ಯಗಳ ಕಂಪನಿಯೊಂದರ ನೌಕರನಿಗೆ ಏಡ್ಸ್ ಪತ್ತೆಯಾಯಿತು. ಅವನ ಆರೋಗ್ಯ ವಿಮೆಯಲ್ಲಿ 10 ಲಕ್ಷ ಡಾಲರ್‌ವರೆಗೆ ಖರ್ಚು ಸಿಗುತ್ತಿತ್ತು. ಅವನು ಕ್ಲೇಮು ಹಾಕಿದ ಮೇಲೆ, 1988ರಲ್ಲಿ, ಕಂಪನಿ ತನ್ನ ಯೋಜನೆಯನ್ನೇ ಬದಲಾಯಿಸಿ ಏಡ್ಸ್‌ಗೆ ಮಾತ್ರ 5,000 ಡಾಲರ್ ಮಿತಿ ಹಾಕಿತು. ಬೇರೆ ಯಾವ ಕಾಯಿಲೆಗೂ ಆ ಮಿತಿ ಇರಲಿಲ್ಲ. ಅವನು ಕೋರ್ಟಿಗೆ ಹೋದ. 1991ರಲ್ಲಿ ಮೇಲ್ಮನವಿ ಕೋರ್ಟ್, ಯೋಜನೆ ಬದಲಾಯಿಸುವ ಹಕ್ಕು ಕಂಪನಿಗಿದೆ ಅಂದುಬಿಟ್ಟಿತು. ಅದೇ ವರ್ಷ ಅವನು ತೀರಿಕೊಂಡ.

1996ರ ಹೊತ್ತಿಗೆ ಹಲವು ಔಷಧಿಗಳನ್ನು ಸೇರಿಸಿ ಕೊಡುವ ಚಿಕಿತ್ಸೆ ಬಂತು. ಅಲ್ಲಿಂದಾಚೆ ಲೆಕ್ಕವೇ ಬೇರೆ. ಯುರೋಪ್ ಮತ್ತು ಉತ್ತರ ಅಮೆರಿಕದ ರೋಗಿಗಳ ಅಂಕಿಅಂಶ ಸೇರಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಏನು ಹೇಳುತ್ತೆ ಅಂದರೆ, 20ನೇ ವಯಸ್ಸಿನಲ್ಲಿ, 2008ರಿಂದ 2010ರ ನಡುವೆ ಚಿಕಿತ್ಸೆ ಶುರು ಮಾಡಿ, ಮೊದಲ ವರ್ಷದಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಸುಮಾರು 78 ವರ್ಷ ಬದುಕುವ ನಿರೀಕ್ಷೆ ಇದೆ. ಉಳಿದವರ ಆಯುಸ್ಸಿನ ಹತ್ತಿರ ಹತ್ತಿರವೇ ಬಂತು, ಅಲ್ವಾ? ಈ ಅಂಕಿ ಗೊತ್ತಿದ್ದೂ 1990ರ ಕಾಲದ ಭಯವನ್ನೇ ಅರ್ಜಿ ನಮೂನೆಯಲ್ಲಿ ಉಳಿಸಿಕೊಳ್ಳೋದು ಅನ್ಯಾಯ ಅಂತಲೇ ನಾನು ಹೇಳೋದು.

ಕಾನೂನುಗಳು ಬದಲಾಗಿವೆ, ಅದನ್ನು ಒಪ್ಪಬೇಕು. ದಕ್ಷಿಣ ಆಫ್ರಿಕಾದಲ್ಲಿ 1998ರ ಕಾಯ್ದೆ, ಆರೋಗ್ಯದ ಸ್ಥಿತಿ ನೋಡಿ ಸದಸ್ಯತ್ವ ನಿರಾಕರಿಸೋದನ್ನೂ ಕಾಯಿಲೆ ಇದೆ ಅಂತ ಜಾಸ್ತಿ ಕಂತು ಕೇಳೋದನ್ನೂ ತಡೆಯಿತು. ಅಮೆರಿಕದಲ್ಲಿ 2014ರ ಜನವರಿಯಿಂದ, ಮೊದಲೇ ಇದ್ದ ಕಾಯಿಲೆಯ ಕಾರಣಕ್ಕೆ ಪಾಲಿಸಿ ಕೊಡಲ್ಲ ಅನ್ನೋ ಹಾಗಿಲ್ಲ. ಭಾರತದ 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು, ವಿಮೆಯಲ್ಲಿ ತಾರತಮ್ಯ ಮಾಡಬಾರದು ಅಂತ ಅದು ಹೇಳುತ್ತೆ. 2023ರ ಫೆಬ್ರವರಿಯಲ್ಲಿ ಅಲ್ಲಿನ ವಿಮಾ ನಿಯಂತ್ರಣ ಪ್ರಾಧಿಕಾರವು, ಎಚ್‌ಐವಿ ಇರುವವರಿಗೂ ಪಾಲಿಸಿ ತರಲೇಬೇಕು ಅಂತ ಕಂಪನಿಗಳಿಗೆ ಸೂಚಿಸಿತು.

ಆದರೆ ಭಾರತದ ಆ ಕಾಯ್ದೆಯ ಸಾಲನ್ನು ಪೂರ್ತಿ ಓದಬೇಕು. ವಿಮಾ ಗಣಿತದ ಅಧ್ಯಯನದ ಆಧಾರ ಇದ್ದರೆ ಬೇರೆ ರೀತಿ ನಡೆಸಿಕೊಳ್ಳಬಹುದು ಅನ್ನೋ ವಿನಾಯಿತಿ ಅದರಲ್ಲೇ ಇದೆ. ಕೇಳೋಕೆ ನ್ಯಾಯವಾಗಿಯೇ ಕಾಣುತ್ತೆ. ಆದರೆ ಯಾವ ವರ್ಷದ ಅಂಕಿಅಂಶದ ಅಧ್ಯಯನ? ಚಿಕಿತ್ಸೆ ಸಿಗದೇ ಸತ್ತವರನ್ನೂ, ಇವತ್ತು ದಿನಾ ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಿರುವವರನ್ನೂ ಒಂದೇ ರಾಶಿಗೆ ಹಾಕಿದರೆ ಬರುವ ಸರಾಸರಿ ಯಾರಿಗೂ ಹೊಂದೋದಿಲ್ಲ. ಎಷ್ಟು ವರ್ಷದಿಂದ ಚಿಕಿತ್ಸೆ, ರಕ್ತದಲ್ಲಿ ವೈರಸ್ ಪ್ರಮಾಣ (ವೈರಲ್ ಲೋಡ್) ಎಷ್ಟು, ಬೇರೆ ಕಾಯಿಲೆ ಇದೆಯಾ ಅಂತ ನೋಡಿ ಅಪಾಯ ಅಳೆಯೋದು ಸಾಧ್ಯವಿದೆ. ಅದನ್ನು ಮಾಡದೆ "ಎಚ್‌ಐವಿ: ಹೌದು / ಇಲ್ಲ" ಅನ್ನೋ ಎರಡು ಚೌಕದಲ್ಲಿ ತೀರ್ಮಾನ ಮುಗಿಸೋದನ್ನು ಗಣಿತ ಅಂತ ಕರೆಯಬಾರದು.

ಸರಿ, ಬಾಗಿಲು ತೆರೆಯಿತು ಅಂದುಕೊಳ್ಳೋಣ. ಒಳಗೆ ಹೋದ ಮೇಲೆ ಸಣ್ಣ ಸಣ್ಣ ಗೇಟುಗಳಿವೆ. ನನ್ನ ಪ್ರಕಾರ ಇವತ್ತಿನ ಹೆಚ್ಚಿನ ತೊಂದರೆ ಇರೋದು ಅಲ್ಲೇ.

ಒಂದು, ಔಷಧಿಗಳ ದರ್ಜೆ. ಅಮೆರಿಕದಲ್ಲಿ ಪಾಲಿಸಿಗಳು ಔಷಧಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಡುತ್ತವೆ. ಕೆಳಗಿನ ಮೆಟ್ಟಿಲಿನದಕ್ಕೆ ರೋಗಿ ಕೊಡೋದು ಕಡಿಮೆ, ಮೇಲಿನದಕ್ಕೆ ಜಾಸ್ತಿ. 2014ರಲ್ಲಿ ಆ ಕಾನೂನು ಜಾರಿಯಾದ ಮೊದಲ ವರ್ಷಗಳಲ್ಲೇ ಸಂಶೋಧಕರು 12 ರಾಜ್ಯಗಳ 48 ಪಾಲಿಸಿಗಳನ್ನು ತೆಗೆದು ನೋಡಿದರು. ಅದರಲ್ಲಿ 12 ಪಾಲಿಸಿಗಳು ಒಂದು ಪ್ರಮುಖ ಗುಂಪಿನ ಎಚ್‌ಐವಿ ಔಷಧಿಗಳನ್ನೆಲ್ಲ ದುಬಾರಿ ಮೆಟ್ಟಿಲಿಗೇ ಏರಿಸಿದ್ದವು. ಅಗ್ಗದ ಜೆನೆರಿಕ್ ಇದ್ದದ್ದನ್ನೂ ಬಿಟ್ಟಿರಲಿಲ್ಲ. ಅಂಥ ಪಾಲಿಸಿಯಲ್ಲಿ ರೋಗಿಯ ಜೇಬಿನಿಂದ ಔಷಧಿಗೆ ಹೋಗುವ ಹಣ ಬೇರೆ ಪಾಲಿಸಿಗಳಿಗಿಂತ ವರ್ಷಕ್ಕೆ 3,000 ಡಾಲರ್‌ಗೂ ಜಾಸ್ತಿ ಬೀಳುತ್ತಿತ್ತು ಅಂತ 2015ರಲ್ಲಿ ಬರೆದರು. ಕಾನೂನು ಅವರನ್ನು ನಿರಾಕರಿಸಬೇಡ ಅಂದಿತ್ತು. ಇಲ್ಲಿ ನಿರಾಕರಿಸಿಲ್ಲ ನಿಜ, ಆದರೆ ಎಚ್‌ಐವಿ ಇರುವವರು ತಾವಾಗಿಯೇ ಬೇರೆ ಕಡೆ ಹೋಗುವ ಹಾಗೆ ಬೆಲೆ ಇಟ್ಟಾಗಿದೆ.

ಇನ್ನೊಂದು, 30 ಮಾತ್ರೆಯ ನಿಯಮ. ಎಷ್ಟೋ ಪಾಲಿಸಿಗಳಲ್ಲಿ ಒಂದು ಸಲಕ್ಕೆ ಒಂದು ತಿಂಗಳ ಔಷಧಿ ಮಾತ್ರ. ಮುಗಿಯುವ ಹೊತ್ತಿಗೆ ಮತ್ತೆ ಹೋಗಬೇಕು, ಬೇಗ ಹೋದರೆ "ಇನ್ನೂ ದಿನ ಆಗಿಲ್ಲ" ಅಂತ ವಾಪಸ್ ಕಳಿಸುತ್ತಾರೆ. ಚಿಕಿತ್ಸೆಯಲ್ಲಿ ಸ್ಥಿರವಾಗಿರುವವರಿಗೆ ಒಂದೇ ಸಲಕ್ಕೆ 3ರಿಂದ 6 ತಿಂಗಳ ಔಷಧಿ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ. ನನ್ನ ಸ್ನೇಹಿತರ ಹತ್ತಿರ ಆವತ್ತು 90 ಮಾತ್ರೆಯ ಡಬ್ಬಿ ಇದ್ದಿದ್ದರೆ ಆ 19 ದಿನ ಅವರಿಗೆ ಗೊತ್ತೇ ಆಗದೆ ಕಳೆದುಹೋಗುತ್ತಿತ್ತು. ಎರಡು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್ ಬಂದಿದೆ, ಮಾತ್ರೆಯ ತಾಪತ್ರಯವೇ ಇಲ್ಲ. ಆದರೆ ಅದನ್ನು ನರ್ಸ್ ಕೊಡಬೇಕು. ಹಾಗಾಗಿ ಇದು ಔಷಧಿ ಖರ್ಚಾ, ಆಸ್ಪತ್ರೆ ಖರ್ಚಾ ಅಂತ ವಿಮೆಯ ಎರಡು ವಿಭಾಗಗಳ ನಡುವೆ ಕಡತ ಓಡಾಡುತ್ತದೆ. ಮುಂದಿನ ಇಂಜೆಕ್ಷನ್ನಿನ ದಿನ ಅದಕ್ಕಾಗಿ ಕಾಯೋದಿಲ್ಲ.

ಗುಟ್ಟಿನ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ. 2017ರಲ್ಲಿ ಅಮೆರಿಕದ ಏಟ್ನಾ ಅನ್ನೋ ವಿಮಾ ಕಂಪನಿಯ ಪರವಾಗಿ ಸುಮಾರು 12,000 ಜನರಿಗೆ ಕಾಗದ ಹೋಯಿತು. ವಿಳಾಸ ಕಾಣಲಿ ಅಂತ ಲಕೋಟೆಯಲ್ಲಿ ಪಾರದರ್ಶಕ ಕಿಟಕಿ ಇರುತ್ತದಲ್ಲ, ಅಂಥದ್ದು. ಒಳಗಿನ ಹಾಳೆ ಸ್ವಲ್ಪ ಸರಿದರೆ ಹೆಸರಿನ ಕೆಳಗೆ ಎಚ್‌ಐವಿ ಔಷಧಿಯ ಮಾತೂ ಕಾಣುತ್ತಿತ್ತು. ಆ ಕಾಗದ ಬರೆದದ್ದೇ ಗೌಪ್ಯತೆಯ ಬಗ್ಗೆ ಹಿಂದೆ ಹೂಡಿದ್ದ ಮೊಕದ್ದಮೆಯ ರಾಜಿಗೆ ಸಂಬಂಧಪಟ್ಟು. ಮನೆಯವರು, ಪಕ್ಕದವರು, ಅಂಚೆಯವರು, ಯಾರು ಬೇಕಾದರೂ ಓದಬಹುದಿತ್ತು. ಕಂಪನಿ 2018ರಲ್ಲಿ 1.7 ಕೋಟಿ ಡಾಲರ್ ಕೊಡಲು ಒಪ್ಪಿತು. ಹಣ ಬಂತು, ಸರಿ. ಆದರೆ ಮನೆಯಲ್ಲಿ ಗೊತ್ತಾದ ವಿಷಯ ಮತ್ತೆ ಗೊತ್ತಿಲ್ಲದ ಹಾಗೆ ಆಗೋದಿಲ್ಲ. ಇದು ದೊಡ್ಡ ಸುದ್ದಿಯಾದ ಘಟನೆ. ಸುದ್ದಿಯಾಗದೆ ದಿನವೂ ನಡೆಯೋದು ಇನ್ನೊಂದಿದೆ. ಕುಟುಂಬದ ಪಾಲಿಸಿ ಅಪ್ಪನ ಹೆಸರಲ್ಲೋ ಗಂಡನ ಹೆಸರಲ್ಲೋ ಇರುತ್ತದೆ, ಯಾವ ಪರೀಕ್ಷೆಗೆ ಎಷ್ಟು ಕೊಟ್ಟೆವು ಅನ್ನೋ ವಿವರ ಅವರಿಗೇ ಹೋಗುತ್ತದೆ. ಆ ಭಯಕ್ಕೆ ವಿಮೆ ಇದ್ದೂ ಉಪಯೋಗಿಸದೆ, ಕೈಯಿಂದ ಹಣ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳುವವರಿದ್ದಾರೆ.

ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ, ಹಣ ಕೊಡದ ಕಾಯಿಲೆಗಳ ಪಟ್ಟಿಯಲ್ಲಿ ಹುಡುಕಲೇಬೇಕಾದ ಒಂದು ಮಾತು "ಎಚ್‌ಐವಿ ಮತ್ತು ಅದಕ್ಕೆ ಸಂಬಂಧಿಸಿದ ಕಾಯಿಲೆಗಳು". ಈ "ಸಂಬಂಧಿಸಿದ" ಅನ್ನೋ ಪದಕ್ಕೆ ಎಲ್ಲೆ ಎಲ್ಲಿ? ಕ್ಷಯ ಬಂದರೆ ಸಂಬಂಧ ಇದೆ ಅನ್ನಬಹುದು. ನ್ಯುಮೋನಿಯಾ? ಅದು ಯಾರಿಗೆ ಬೇಕಾದರೂ ಬರುತ್ತೆ. ಹೃದಯಾಘಾತ? ಇಲ್ಲಿ ಕಷ್ಟ ಇದೆ. ಎಚ್‌ಐವಿ ಇರುವವರಲ್ಲಿ ಹೃದಯದ ಕಾಯಿಲೆಯ ಅಪಾಯ ಸ್ವಲ್ಪ ಜಾಸ್ತಿ ಅನ್ನೋದು ನಿಜ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆ ಅಪಾಯವನ್ನು ಸುಮಾರು ಮೂರನೇ ಒಂದು ಭಾಗ ಇಳಿಸುತ್ತದೆ ಅಂತ 2023ರಲ್ಲಿ ರಿಪ್ರೀವ್ ಅಧ್ಯಯನ ತೋರಿಸಿತು. ಒಳ್ಳೆಯ ಸುದ್ದಿ. ಅದೇ ವಿಜ್ಞಾನವನ್ನು ಹಿಡಿದುಕೊಂಡು, ನಿಮ್ಮ ಹೃದಯದ ಕಾಯಿಲೆ ಎಚ್‌ಐವಿಯಿಂದಲೇ ಬಂತು, ಕ್ಲೇಮು ಕೊಡಲ್ಲ ಅಂತಲೂ ವಾದ ಮಾಡಬಹುದು. 60 ವರ್ಷದವರ ಮೊಣಕಾಲು, ಮೂತ್ರಪಿಂಡ, ಸಕ್ಕರೆ ಎಲ್ಲವನ್ನೂ ಹೀಗೆ ಎಳೆದು ಕಟ್ಟಿದರೆ ಪಾಲಿಸಿಯಲ್ಲಿ ಉಳಿಯೋದೇನು? ಎಚ್‌ಐವಿ ಇರುವವರು ಈಗ ವಯಸ್ಸಾಗುವವರೆಗೆ ಬದುಕುತ್ತಿದ್ದಾರೆ. ಅವರಿಗೆ ವಿಮೆ ಹೆಚ್ಚಾಗಿ ಬೇಕಾಗೋದು ವಯಸ್ಸಿನ ಕಾಯಿಲೆಗಳಿಗೇ. ಆದ್ದರಿಂದ ಯಾವ ಯಾವ ಕಾಯಿಲೆ ಹೊರಗೆ ಅಂತ ಹೆಸರು ಬರೆದು ಹೇಳಬೇಕು, ಮತ್ತು ಸಂಬಂಧ ಇದೆ ಅಂತ ಸಾಬೀತು ಮಾಡುವ ಕೆಲಸ ಕಂಪನಿಯದಾಗಬೇಕು.

ಈಗ ಪಾಲಿಸಿ ತೆಗೆದುಕೊಳ್ಳುವ ಯೋಚನೆಯಲ್ಲಿರುವವರಿಗೆ ಒಂದು ಮಾತು. ಅರ್ಜಿಯಲ್ಲಿ ಕೇಳಿದ್ದರೆ ಎಚ್‌ಐವಿ ಇರೋದನ್ನು ಮುಚ್ಚಿಡಬೇಡಿ. ಮುಚ್ಚಿಡಬೇಕು ಅನ್ನಿಸೋದು ನನಗೆ ಅರ್ಥವಾಗುತ್ತೆ. ಆದರೆ ವರ್ಷಗಟ್ಟಲೆ ಕಂತು ಕಟ್ಟಿಸಿಕೊಂಡು, ಕ್ಲೇಮಿನ ದಿನ ಹಳೇ ದಾಖಲೆ ತೆಗೆದು, ಸುಳ್ಳು ಹೇಳಿದ್ದೀರಿ ಅಂತ ಪಾಲಿಸಿಯನ್ನೇ ರದ್ದು ಮಾಡಲು ಅದೊಂದು ಸಾಕು, ಆಗ ಎಚ್‌ಐವಿಗೆ ಏನೂ ಸಂಬಂಧವಿಲ್ಲದ ಆಪರೇಷನ್ನಿಗೂ ಹಣ ಸಿಗದೇ ಹೋಗಬಹುದು. ಕೇಳದ್ದನ್ನು ನೀವಾಗಿ ಹೇಳಬೇಕಾ ಅನ್ನೋದು ಆಯಾ ದೇಶದ ಕಾನೂನಿನ ಮೇಲೆ ಹೋಗುತ್ತೆ, ತಿಳಿದವರನ್ನು ಕೇಳಿ. ಪಾಲಿಸಿ ಇದ್ದಾಗಲೇ ಸೋಂಕು ಪತ್ತೆಯಾದರೆ ಆ ಪಾಲಿಸಿಯನ್ನು ಯಾವ ಕಾರಣಕ್ಕೂ ಬಿಡಬೇಡಿ, ಕಂತಿನ ದಿನ ತಪ್ಪಿಸಬೇಡಿ. ಹೊಸದಾಗಿ ಹೋದರೆ, ಮೊದಲೇ ಇದ್ದ ಕಾಯಿಲೆಗೆ ಹಣ ಸಿಗದ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗಬಹುದು. ಕೆಲಸ ಬದಲಾಯಿಸುವ ಮುಂಚೆ ಮಾತ್ರೆ ಎಣಿಸಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ. ಔಷಧಿಯೇ ಅಷ್ಟು ದುಬಾರಿಯಾ? ಅದು ನೀವು ಎಲ್ಲಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ. 2000ದ ಸುಮಾರಿಗೆ ಒಬ್ಬರ ಒಂದು ವರ್ಷದ ಚಿಕಿತ್ಸೆಗೆ 10,000 ಡಾಲರ್‌ಗೂ ಜಾಸ್ತಿ ಆಗುತ್ತಿತ್ತು. 2001ರಲ್ಲಿ ಭಾರತದ ಔಷಧಿ ಕಂಪನಿ ಸಿಪ್ಲಾ ಅದನ್ನೇ ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇವೆ ಅಂತ ಮುಂದೆ ಬಂತು. ಮೂರು ಔಷಧಿ ಸೇರಿದ ಟಿಎಲ್‌ಡಿ ಮಾತ್ರೆ 2023ರಲ್ಲಿ ಗ್ಲೋಬಲ್ ಫಂಡ್ ಅನ್ನೋ ಅಂತರರಾಷ್ಟ್ರೀಯ ಆರೋಗ್ಯ ನಿಧಿಗೆ ವರ್ಷಕ್ಕೆ 45 ಡಾಲರ್‌ಗಿಂತ ಕಡಿಮೆಗೆ ಸಿಕ್ಕಿತು. ಅಮೆರಿಕದಲ್ಲಿ ಅದೇ ಕೆಲಸ ಮಾಡುವ ಪೇಟೆಂಟ್ ಇರುವ ಮಾತ್ರೆಗೆ ತಿಂಗಳಿಗೇ ಸಾವಿರಾರು ಡಾಲರ್. ಹಾಗಾಗಿ ಅಲ್ಲಿ ವಿಮೆ ಇಲ್ಲ, ಸರ್ಕಾರದ ನೆರವೂ ಇಲ್ಲ ಅಂದರೆ ಮಾತ್ರೆ ಕೈಗೆಟುಕೋದು ಕಷ್ಟ. ಜಗತ್ತಿನ ಉಳಿದ ಎಷ್ಟೋ ಕಡೆ ಮಾತ್ರೆ ಸರ್ಕಾರದಿಂದಲೋ ದಾನಿಗಳ ಹಣದಿಂದಲೋ ಉಚಿತವಾಗಿ ಸಿಗುತ್ತದೆ, ವಿಮೆ ಬೇಕಾಗೋದು ಆಸ್ಪತ್ರೆ, ಹೆರಿಗೆ, ಆಪರೇಷನ್ನಿಗೆ.

ಈ ಎರಡನೇ ವ್ಯವಸ್ಥೆಯೇ ಈಗ ಅಲುಗಾಡುತ್ತಿದೆ, ಅದಕ್ಕೇ ನಾನು ಇದನ್ನು ಈಗ ಬರೆಯುತ್ತಿರೋದು. 2024ರ ಕೊನೆಗೆ ಜಗತ್ತಿನಲ್ಲಿ 4.08 ಕೋಟಿ ಜನ ಎಚ್‌ಐವಿ ಜೊತೆ ಬದುಕುತ್ತಿದ್ದರು, ಅವರಲ್ಲಿ 3.16 ಕೋಟಿ ಜನ ಚಿಕಿತ್ಸೆಯಲ್ಲಿದ್ದರು. ಅದರಲ್ಲಿ ದೊಡ್ಡ ಪಾಲನ್ನು ಹೊತ್ತಿದ್ದು ಗ್ಲೋಬಲ್ ಫಂಡ್ ಮತ್ತು 2003ರಲ್ಲಿ ಶುರುವಾದ ಪೆಪ್‌ಫಾರ್, ಅಂದರೆ ಬೇರೆ ದೇಶಗಳ ಎಚ್‌ಐವಿ ಚಿಕಿತ್ಸೆಗೆ ಅಮೆರಿಕ ಹಣ ಕೊಡುವ ಯೋಜನೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಇದ್ದಕ್ಕಿದ್ದ ಹಾಗೆ ತಡೆಹಿಡಿದಾಗ ಹಲವು ದೇಶಗಳಲ್ಲಿ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ಜೀವ ಉಳಿಸುವ ಚಿಕಿತ್ಸೆಗೆ ಆಮೇಲೆ ವಿನಾಯಿತಿ ಬಂತು, ಆದರೆ ಎಲ್ಲ ಕಡೆ ಕೂಡಲೇ ಕೆಲಸ ಶುರುವಾಗಲಿಲ್ಲ. ಅಲ್ಲಿಂದ ಈಚೆಗೆ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ: ಎಚ್‌ಐವಿ ಚಿಕಿತ್ಸೆಯನ್ನು ದೇಶದ ಆರೋಗ್ಯ ವಿಮೆಯೊಳಗೆ ಸೇರಿಸಿಬಿಡೋಣ.

ಸೇರಿಸೋದು ತಪ್ಪಲ್ಲ. ವಿಯೆಟ್ನಾಂ 2019ರಿಂದ ಅದನ್ನೇ ಮಾಡಿದೆ. ಅಲ್ಲಿ ಎದುರಾದ ಕಷ್ಟಗಳು ಎಲ್ಲರಿಗೂ ಪಾಠವಾಗಬೇಕು. ದಾನಿಗಳ ಕ್ಲಿನಿಕ್‌ನಲ್ಲಿ ಗುಟ್ಟಾಗಿ ಔಷಧಿ ತೆಗೆದುಕೊಳ್ಳುತ್ತಿದ್ದವರು ಈಗ ನಿಜವಾದ ಹೆಸರಿನ ವಿಮಾ ಕಾರ್ಡ್ ತೋರಿಸಬೇಕಾಯಿತು. ಗುರುತಿನ ದಾಖಲೆ ಇಲ್ಲದವರಿಗೆ ಕಾರ್ಡೇ ಕಷ್ಟ. ಕಂತು ಕಟ್ಟಲಾಗದವರಿಗೆ ಪ್ರಾಂತ್ಯ ಸರ್ಕಾರಗಳೇ ಕಟ್ಟಿಕೊಡುವ ವ್ಯವಸ್ಥೆಯನ್ನೂ ಮಾಡಬೇಕಾಯಿತು. ಥಾಯ್ಲೆಂಡ್ ಬೇರೆ ದಾರಿ ಹಿಡಿದಿತ್ತು. 2006ರಲ್ಲಿ ಎಆರ್‌ಟಿಯನ್ನು ತನ್ನ ಸಾರ್ವತ್ರಿಕ ಆರೋಗ್ಯ ಯೋಜನೆಗೆ ತಂದಿತು, ಆ ಯೋಜನೆ ನಡೆಯೋದು ತೆರಿಗೆ ಹಣದಲ್ಲಿ. ಕಟ್ಟುವ ಕಂತೇ ಇಲ್ಲದ ಮೇಲೆ ಕಂತು ತಪ್ಪಿ ಮಾತ್ರೆ ನಿಲ್ಲುವ ಮಾತೂ ಇಲ್ಲ. ನನ್ನ ಮನಸ್ಸು ಇದರ ಕಡೆಗೇ ವಾಲುತ್ತದೆ. ಹಣದ ಕಾರಣಕ್ಕೆ ಅದು ಆಗೋದೇ ಇಲ್ಲ ಅನ್ನುವ ದೇಶಗಳು ಕಂತಿನ ವಿಮೆಯನ್ನೇ ಆರಿಸಿಕೊಳ್ಳಲಿ. ಆದರೆ ಹಳೇ ಕ್ಲಿನಿಕ್ ಮುಚ್ಚುವ ಮುಂಚೆ ಪ್ರತಿಯೊಬ್ಬರ ಕೈಗೂ ಕನಿಷ್ಠ ಮೂರು ತಿಂಗಳ ಮಾತ್ರೆ ತಲುಪಿರಬೇಕು. ಮತ್ತು ಯಾರದ್ದಾದರೂ ಕಂತು ತಪ್ಪಿದರೆ ಬಾಕಿ ವಸೂಲಿ ನೋಟಿಸ್ ಒಂದು ಕಡೆ ಹೋಗಲಿ, ಮಾತ್ರೆ ಮಾತ್ರ ಇನ್ನೊಂದು ಕಡೆಯಿಂದ ಬರುತ್ತಲೇ ಇರಬೇಕು ಅಂತ ನಿಯಮದಲ್ಲೇ ಬರೆದಿರಬೇಕು.